ಉತ್ತರ ಕರ್ನಾಟಕದ ತಾಯಿ ಮತ್ತು ನವಜಾತ ಶಿಶು ಆರೋಗ್ಯ ಸಂಶೋಧನಾ ಸಹಯೋಗಗಳು

ಉತ್ತರ ಕರ್ನಾಟಕದ ತಾಯಿ ಮತ್ತು ನವಜಾತ ಶಿಶು ಆರೋಗ್ಯ ಸಂಶೋಧನಾ ಸಹಯೋಗಗಳು ಎಂದರೆ ಬೆಳಗಾವಿ, ಬಳ್ಳಾರಿ, ಕಲಬುರಗಿ ಮೊದಲಾದ ಜಿಲ್ಲೆಗಳಲ್ಲಿ ವಿಶ್ವವಿದ್ಯಾಲಯಗಳು, ಬೋಧನಾ ಆಸ್ಪತ್ರೆಗಳು ಮತ್ತು ಸರ್ಕಾರಿ ಆರೋಗ್ಯ ಕೇಂದ್ರಗಳು ಒಟ್ಟಾಗಿ 2000ದ ದಶಕದಿಂದ ನಡೆಸಿಕೊಂಡು ಬಂದಿರುವ ವೈದ್ಯಕೀಯ ಅಧ್ಯಯನಗಳು. ಇವುಗಳಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಅಮೆರಿಕದ ವಿಶ್ವವಿದ್ಯಾಲಯಗಳ ನಡುವಿನ ಸಹಯೋಗವು ಅತ್ಯಂತ ದೀರ್ಘಕಾಲದ್ದು. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯ ಪ್ರಯೋಗ ಈ ಸಹಯೋಗದ ಫಲ. ಹೊಸಪೇಟೆ, ಸಂಡೂರು ಮತ್ತು ಕಂಪ್ಲಿ ಪ್ರದೇಶಗಳನ್ನು ಒಳಗೊಂಡಿದ್ದ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ ಮತ್ತು ಕರ್ನಾಟಕ ಆರೋಗ್ಯ ಸಂವರ್ಧನ ಟ್ರಸ್ಟ್ ಸೇರಿ ನಡೆಸಿದ ಶುಶ್ರೂಷಕಿ ಮಾರ್ಗದರ್ಶನ ಪ್ರಯೋಗವು ಇನ್ನೊಂದು ಮುಖ್ಯ ಉದಾಹರಣೆ.

ಹಿನ್ನೆಲೆ

ಮಾದರಿ ನೋಂದಣಿ ವ್ಯವಸ್ಥೆಯ ಅಂದಾಜಿನಂತೆ 2001–03ರ ಅವಧಿಯಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ ಭಾರತದಲ್ಲಿ 301 ಮತ್ತು ಕರ್ನಾಟಕದಲ್ಲಿ 228 ತಾಯಂದಿರು ಮರಣ ಹೊಂದುತ್ತಿದ್ದರು. ಅದೇ ಅವಧಿಯಲ್ಲಿ ದೇಶದ ತಾಯಿ ಮರಣಗಳಲ್ಲಿ ಸುಮಾರು 38%ಕ್ಕೆ ರಕ್ತಸ್ರಾವವೇ ಕಾರಣವಾಗಿತ್ತು. 2018–20ರ ವೇಳೆಗೆ ಕರ್ನಾಟಕದ ಪ್ರಮಾಣ 69ಕ್ಕೆ ಇಳಿದಿದ್ದರೂ ದಕ್ಷಿಣದ ರಾಜ್ಯಗಳಲ್ಲಿ ಅದೇ ಅತಿ ಹೆಚ್ಚಿನದಾಗಿತ್ತು. ಆ ವರ್ಷಗಳಲ್ಲಿ ಕೇರಳದ ಪ್ರಮಾಣ 19, ತೆಲಂಗಾಣದ್ದು 43, ಆಂಧ್ರಪ್ರದೇಶದ್ದು 45 ಮತ್ತು ತಮಿಳುನಾಡಿನದು 54.

ಮಗು ಹುಟ್ಟಿ ಮಾಸು ಹೊರಬಂದ ಮೇಲೆ ಗರ್ಭಕೋಶವು ಬಿಗಿಯಾಗಿ ಸಂಕುಚಿತಗೊಳ್ಳಬೇಕು. ಹಾಗೆ ಆಗದೆ ಸಡಿಲವಾಗಿಯೇ ಉಳಿದರೆ ಮಾಸು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳು ತೆರೆದೇ ಇದ್ದು, ಆರೋಗ್ಯವಂತ ಬಾಣಂತಿಯೂ ಕೆಲವೇ ಗಂಟೆಗಳಲ್ಲಿ ಸಾಯಬಹುದು. ರಕ್ತಹೀನತೆ ಇರುವವರಿಗೆ ಅಷ್ಟು ಸಮಯವೂ ಸಿಗುವುದಿಲ್ಲ. ಇದನ್ನು ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಬಹುಕಾಲದಿಂದ ಬಳಕೆಯಲ್ಲಿದೆ. ಆದರೆ ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು ಮತ್ತು ಚುಚ್ಚುಮದ್ದು ನೀಡಲು ಬಲ್ಲವರು ಹತ್ತಿರ ಇರಬೇಕು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಆಗುತ್ತಿದ್ದ, ವಿದ್ಯುತ್ ಬಂದು ಹೋಗುತ್ತಿದ್ದ ಹಳ್ಳಿಗಳಲ್ಲಿ ಈ ಎರಡೂ ಷರತ್ತುಗಳು ಈಡೇರುತ್ತಿರಲಿಲ್ಲ. ಔಷಧ ಇದ್ದರೂ ಅದು ಬೇಕಾದ ಜಾಗಕ್ಕೆ ತಲುಪುತ್ತಿರಲಿಲ್ಲ ಎಂಬುದೇ ಬೆಳಗಾವಿಯ ಸಂಶೋಧನೆಯ ಆರಂಭಬಿಂದು.

ಬೆಳಗಾವಿಯ ಸಹಯೋಗ

ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವನ್ನು 1916ರಲ್ಲಿ ಸ್ಥಾಪನೆಯಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1963ರಲ್ಲಿ ಆರಂಭಿಸಿತು. 2006ರಲ್ಲಿ ಇದು ಕೆ.ಎಲ್.ಇ. ಪರಿಗಣಿತ ವಿಶ್ವವಿದ್ಯಾಲಯದ ಅಂಗವಾಯಿತು. ಡಾ. ಪ್ರಭಾಕರ ಕೋರೆ ಆಸ್ಪತ್ರೆಯು ಅದರ ಬೋಧನಾ ಆಸ್ಪತ್ರೆಯಾಗಿದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಅಡಿಯ ಮಕ್ಕಳ ಆರೋಗ್ಯ ಸಂಸ್ಥೆಯು ಈ ಶತಮಾನದ ಆರಂಭದಲ್ಲಿ ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನದ ನೆರವಿನೊಂದಿಗೆ ಮಹಿಳೆಯರ ಮತ್ತು ಮಕ್ಕಳ ಆರೋಗ್ಯ ಸಂಶೋಧನೆಯ ಜಾಗತಿಕ ಜಾಲವನ್ನು ರೂಪಿಸಿತು. ಈ ಜಾಲದ ರಚನೆ ಗಮನಾರ್ಹ. ಅದರ ಪ್ರತಿಯೊಂದು ಘಟಕದಲ್ಲಿ ಅಮೆರಿಕದ ಒಂದು ಸಂಸ್ಥೆ ಮತ್ತು ಅಭಿವೃದ್ಧಿಶೀಲ ದೇಶದ ಒಂದು ಸಂಸ್ಥೆ ಜೋಡಿಯಾಗಿರಬೇಕು, ಎರಡೂ ಕಡೆ ಒಬ್ಬೊಬ್ಬ ಪ್ರಧಾನ ಸಂಶೋಧಕರಿರಬೇಕು. ಬೆಳಗಾವಿಗೆ ಮೊದಲು ಜೋಡಿಯಾದದ್ದು ಕಾನ್ಸಾಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯ. ಮುಂದಿನ ವರ್ಷಗಳಲ್ಲಿ ಫಿಲಡೆಲ್ಫಿಯಾದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯವು ಆ ಸ್ಥಾನಕ್ಕೆ ಬಂದಿತು. ಅಂಕಿಅಂಶಗಳ ನಿರ್ವಹಣೆಯನ್ನು ಉತ್ತರ ಕೆರೊಲಿನಾದ ಆರ್‌ಟಿಐ ಸಂಸ್ಥೆ ನೋಡಿಕೊಂಡಿತು. ಸಂಶೋಧಕ ರಿಚರ್ಡ್ ಡರ್ಮನ್ ಅಮೆರಿಕದ ಕಡೆಯಿಂದಲೂ, ಭಾಲಚಂದ್ರ ಕೊಡ್ಕಣಿ ಮತ್ತು ಶಿವಪ್ರಸಾದ ಗೌಡರ ಬೆಳಗಾವಿಯ ಕಡೆಯಿಂದಲೂ ಈ ಕೆಲಸದ ಪ್ರಮುಖರು.

ಎರಡು ಸಂಸ್ಥೆಗಳ ನಡುವಿನ ಒಪ್ಪಂದ ಪತ್ರಕ್ಕೆ ಸಹಿ ಬೀಳುವುದು ಸುದ್ದಿಯಾಗುತ್ತದೆ, ಆದರೆ ಸಹಯೋಗದ ತಿರುಳು ಇರುವುದು ಬೇರೆಡೆ. ಬೆಳಗಾವಿಯಲ್ಲಿ ಅದು ಇದ್ದದ್ದು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಜೊತೆಗಿನ ಸಂಬಂಧದಲ್ಲಿ. ಹಳ್ಳಿಯ ಹೆರಿಗೆಗಳನ್ನು ನೋಡಿಕೊಳ್ಳುತ್ತಿದ್ದ ಮಹಿಳಾ ಆರೋಗ್ಯ ಸಹಾಯಕಿಯರೇ ಇಲ್ಲಿ ಸಂಶೋಧನೆಯ ಕೈಗಳಾದರು.

ಮಿಸೊಪ್ರೊಸ್ಟಾಲ್ ಪ್ರಯೋಗ

ಮಿಸೊಪ್ರೊಸ್ಟಾಲ್ ಮೂಲತಃ ಜಠರದ ಹುಣ್ಣಿನ ಔಷಧ. ಗರ್ಭಕೋಶವನ್ನು ಸಂಕುಚಿತಗೊಳಿಸುವ ಗುಣವೂ ಅದಕ್ಕಿದೆ. ಅದು ಮಾತ್ರೆಯ ರೂಪದಲ್ಲಿ ದೊರೆಯುತ್ತದೆ, ಅಗ್ಗ, ಶೀತಲ ಪೆಟ್ಟಿಗೆ ಬೇಡ. ಆಸ್ಪತ್ರೆಗಳಲ್ಲಿ ಆಕ್ಸಿಟೋಸಿನ್‌ಗಿಂತ ಅದು ಕಡಿಮೆ ಪರಿಣಾಮಕಾರಿ ಎಂಬುದು ಆ ವೇಳೆಗಾಗಲೇ ತಿಳಿದಿತ್ತು. ಹಾಗಾಗಿ ಬೆಳಗಾವಿಯ ತಂಡ ಕೇಳಿದ ಪ್ರಶ್ನೆ ಬೇರೆಯದು: ಆಕ್ಸಿಟೋಸಿನ್ ಸಿಗದ ಕಡೆ, ವೈದ್ಯರಿಲ್ಲದ ಹೆರಿಗೆಯಲ್ಲಿ, ಆರೋಗ್ಯ ಸಹಾಯಕಿಯೇ ಕೊಡುವ ಮಾತ್ರೆಯಿಂದ ಪ್ರಯೋಜನವಿದೆಯೇ?

2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಬೆಳಗಾವಿ ಜಿಲ್ಲೆಯ ಗ್ರಾಮೀಣ ಭಾಗದಲ್ಲಿ 1620 ಮಹಿಳೆಯರು ಪ್ರಯೋಗದಲ್ಲಿ ಭಾಗವಹಿಸಿದರು. ಹೆರಿಗೆಯಾದ ಕೂಡಲೇ 812 ಮಂದಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಮತ್ತು 808 ಮಂದಿಗೆ ನೋಡಲು ಹಾಗೆಯೇ ಇರುವ, ಔಷಧಾಂಶವಿಲ್ಲದ ಮಾತ್ರೆಯನ್ನು ಕೊಡಲಾಯಿತು. ಯಾರಿಗೆ ಯಾವುದು ಎಂಬುದನ್ನು ಲಾಟರಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಗಿತ್ತು, ಕೊಟ್ಟವರಿಗೂ ತೆಗೆದುಕೊಂಡವರಿಗೂ ಅದು ತಿಳಿದಿರಲಿಲ್ಲ. ಹೆರಿಗೆ ಮಾಡಿಸಿ, ಮಾತ್ರೆ ಕೊಟ್ಟು, ರಕ್ತವನ್ನು ಅಳೆದವರು 25 ಮಂದಿ ಸಹಾಯಕಿಯರು.

ಫಲಿತಾಂಶವು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡು ಗಂಟೆಯೊಳಗೆ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತಸ್ರಾವವಾದವರ ಪ್ರಮಾಣ ಔಷಧವಿಲ್ಲದ ಗುಂಪಿನಲ್ಲಿ 12.0% ಇದ್ದರೆ ಮಿಸೊಪ್ರೊಸ್ಟಾಲ್ ಗುಂಪಿನಲ್ಲಿ 6.4% ಇತ್ತು. ತೀವ್ರ ರಕ್ತಸ್ರಾವವು 1.2%ರಿಂದ 0.2%ಕ್ಕೆ ಇಳಿಯಿತು. ಸರಾಸರಿ ರಕ್ತನಷ್ಟ 262 ಮಿಲಿಲೀಟರ್‌ನಿಂದ 214 ಮಿಲಿಲೀಟರ್‌ಗೆ ತಗ್ಗಿತು. ಪ್ರತಿ 18 ಮಹಿಳೆಯರಿಗೆ ಮಾತ್ರೆ ಕೊಟ್ಟರೆ ಒಬ್ಬರಿಗೆ ಆಗಬಹುದಾಗಿದ್ದ ರಕ್ತಸ್ರಾವವನ್ನು ತಪ್ಪಿಸಬಹುದು ಎಂದು ಇದರ ಅರ್ಥ. ತಾತ್ಕಾಲಿಕವಾದ ಚಳಿ, ನಡುಕ ಮತ್ತು ಜ್ವರ ಅಡ್ಡಪರಿಣಾಮಗಳಾಗಿ ಕಂಡುಬಂದವು.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಸವೋತ್ತರ ರಕ್ತಸ್ರಾವವನ್ನು ತಡೆಯುವ ಉದ್ದೇಶಕ್ಕಾಗಿ ಮಿಸೊಪ್ರೊಸ್ಟಾಲನ್ನು ತನ್ನ ಅಗತ್ಯ ಔಷಧಗಳ ಮಾದರಿ ಪಟ್ಟಿಗೆ ಸೇರಿಸಿತು. ಆಕ್ಸಿಟೋಸಿನ್ ದೊರೆಯುವಲ್ಲಿ ಅದಕ್ಕೇ ಮೊದಲ ಸ್ಥಾನ ಎಂಬ ನಿಲುವು ಬದಲಾಗಲಿಲ್ಲ.

ರಕ್ತವನ್ನು ಅಳೆಯುವ ಚೀಲ

ಈ ಪ್ರಯೋಗದ ಉಪಫಲವೊಂದು ಬಹುಶಃ ಮಾತ್ರೆಗಿಂತಲೂ ದೂರ ಸಾಗಿತು. ಎಷ್ಟು ರಕ್ತ ಹೋಯಿತೆಂದು ತಿಳಿಯದೆ ಔಷಧದ ಪರಿಣಾಮವನ್ನು ಹೇಳಲಾಗದು. ಹೆರಿಗೆ ಕೋಣೆಗಳಲ್ಲಿ ಬಟ್ಟೆ, ನೆಲ, ಬೋಗುಣಿಗಳನ್ನು ಕಣ್ಣಿನಿಂದ ನೋಡಿ ಅಂದಾಜು ಮಾಡುವುದೇ ರೂಢಿಯಾಗಿತ್ತು. ಬೆಳಗಾವಿಯ ಸಂಶೋಧಕರು ಮತ್ತು ಅವರ ಅಮೆರಿಕದ ಸಹೋದ್ಯೋಗಿಗಳು ಇದಕ್ಕಾಗಿ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿದರು. ಅದನ್ನು ಬಾಣಂತಿಯ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟಿದರೆ, ಕೆಳತುದಿಯಲ್ಲಿ ಆಲಿಕೆಯಂತೆ ಇಳಿಬಿದ್ದ, ಅಳತೆಯ ಗೆರೆಗಳಿರುವ ಚೀಲದಲ್ಲಿ ರಕ್ತ ಶೇಖರವಾಗುತ್ತದೆ. ಸಂಶೋಧಕರ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಅದಕ್ಕೆ ಬ್ರಾಸ್-ವಿ ಎಂದು ಹೆಸರಿಡಲಾಯಿತು.

ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ 123 ಹೆರಿಗೆಗಳಲ್ಲಿ ಎರಡೂ ಕ್ರಮಗಳನ್ನು ಹೋಲಿಸಿದಾಗ ಕಣ್ಣಂದಾಜು ಚೀಲದ ಅಳತೆಗಿಂತ 33% ಕಡಿಮೆ ಬಂದಿತು. ಅಂದರೆ ಅನುಭವಿ ಸಿಬ್ಬಂದಿಯೂ ಮೂರನೆಯ ಒಂದು ಪಾಲು ರಕ್ತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುತ್ತಿದ್ದರು. ಅಪಾಯವನ್ನು ತಡವಾಗಿ ಗುರುತಿಸಿದರೆ ಮೇಲಿನ ಆಸ್ಪತ್ರೆಗೆ ಕಳುಹಿಸುವುದೂ ತಡವಾಗುತ್ತದೆ.

ಅಳತೆಯ ಚೀಲದ ಮಹತ್ವ 2023ರಲ್ಲಿ ಮತ್ತೊಮ್ಮೆ ಸ್ಥಾಪಿತವಾಯಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ಇ-ಮೋಟಿವ್ ಪ್ರಯೋಗದಲ್ಲಿ, ಅಂಥದೇ ಚೀಲದಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ ಒಟ್ಟು ಚಿಕಿತ್ಸೆಯನ್ನು ಏಕಕಾಲಕ್ಕೆ ಆರಂಭಿಸಿದಾಗ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ ಮತ್ತು ಸಾವು ಇವುಗಳ ಒಟ್ಟು ಪ್ರಮಾಣ 4.3%ರಿಂದ 1.6%ಕ್ಕೆ ಇಳಿಯಿತು.

ಸ್ಟಿರಾಯ್ಡ್ ಪ್ರಯೋಗಗಳು: ಒಂದೇ ಔಷಧ, ಎರಡು ಉತ್ತರ

ಅವಧಿಗೆ ಮುನ್ನ ಹುಟ್ಟುವ ಶಿಶುವಿನ ಶ್ವಾಸಕೋಶಗಳು ಪಕ್ವವಾಗಿರುವುದಿಲ್ಲ. ತಾಯಿಗೆ ಹೆರಿಗೆಗೆ ಮೊದಲೇ ಸ್ಟಿರಾಯ್ಡ್ ಚುಚ್ಚುಮದ್ದು ನೀಡಿದರೆ ಅವು ಬೇಗ ಪಕ್ವವಾಗುತ್ತವೆ ಎಂಬುದನ್ನು ನ್ಯೂಜಿಲೆಂಡ್‌ನ ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲಿ ತೋರಿಸಿದ್ದರು. ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಇದು ರೂಢಿಯ ಚಿಕಿತ್ಸೆಯಾಯಿತು. ಇದನ್ನೇ ಹಳ್ಳಿಗಳಿಗೂ ತಲುಪಿಸಿದರೆ ಲಕ್ಷಾಂತರ ಶಿಶುಗಳು ಬದುಕಬಹುದೆಂಬ ನಿರೀಕ್ಷೆ ಸಹಜವಾಗಿತ್ತು.

ಜಾಗತಿಕ ಜಾಲವು ಇದನ್ನು ಪರೀಕ್ಷಿಸಲು ಅರ್ಜೆಂಟೀನಾ, ಗ್ವಾಟೆಮಾಲಾ, ಭಾರತ, ಕೀನ್ಯಾ, ಪಾಕಿಸ್ತಾನ ಮತ್ತು ಜಾಂಬಿಯಾಗಳಲ್ಲಿ ಪ್ರಯೋಗ ನಡೆಸಿತು. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರ ಅದರ ಕೇಂದ್ರಗಳಾಗಿದ್ದವು. ಎಲ್ಲ ಹಂತದ ಹೆರಿಗೆ ಸಿಬ್ಬಂದಿಗೆ ಅಪಾಯದಲ್ಲಿರುವ ಗರ್ಭಿಣಿಯರನ್ನು ಗುರುತಿಸಿ ಡೆಕ್ಸಾಮೆಥಾಸೋನ್ ಕೊಡಲು ತರಬೇತಿ ನೀಡಲಾಯಿತು. ಗರ್ಭದ ವಯಸ್ಸು ಖಚಿತವಾಗಿ ತಿಳಿಯದ ಕಡೆ ಗರ್ಭಕೋಶದ ಎತ್ತರವನ್ನು ಬಣ್ಣದ ಗುರುತುಗಳಿದ್ದ ಟೇಪಿನಿಂದ ಅಳೆದು ನಿರ್ಧರಿಸಲಾಗುತ್ತಿತ್ತು. ಸುಮಾರು ಒಂದು ಲಕ್ಷ ಜನನಗಳನ್ನು ಒಳಗೊಂಡ ಈ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾದಾಗ ಅದು ನಿರೀಕ್ಷೆಗೆ ತದ್ವಿರುದ್ಧವಾಗಿತ್ತು. ಅತಿ ಕಡಿಮೆ ತೂಕದ ಶಿಶುಗಳಲ್ಲಿ ಸಾವು ಕಡಿಮೆಯಾಗಲಿಲ್ಲ. ಒಟ್ಟು ಜನಸಂಖ್ಯೆಯಲ್ಲಿ 28 ದಿನಗಳೊಳಗಿನ ಶಿಶು ಮರಣವು ಸಾವಿರಕ್ಕೆ 23.9ರ ಬದಲು 27.4 ಆಗಿತ್ತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು. ಚುಚ್ಚುಮದ್ದು ಪಡೆದವರಲ್ಲಿ ಬಹುಪಾಲು ಮಂದಿ ಅತಿ ಸಣ್ಣ ಶಿಶುವಿಗೆ ಜನ್ಮ ನೀಡಲೇ ಇಲ್ಲ, ಅಂದರೆ ಔಷಧದ ಅಗತ್ಯವಿಲ್ಲದವರಿಗೂ ಅದು ಹೋಗಿತ್ತು.

ಹೀಗೆ ನಿರಾಸೆ ತಂದ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ಈ ಜಾಲದ ಹೆಗ್ಗಳಿಕೆಗಳಲ್ಲಿ ಒಂದು. ಅದರ ಬೆನ್ನಿಗೇ ವಿಶ್ವ ಆರೋಗ್ಯ ಸಂಸ್ಥೆಯು ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ ಮತ್ತು ಪಾಕಿಸ್ತಾನದ 29 ಆಸ್ಪತ್ರೆಗಳಲ್ಲಿ ಮತ್ತೊಂದು ಪ್ರಯೋಗವನ್ನು ಸಂಘಟಿಸಿತು. ಬೆಳಗಾವಿಯ ತಂಡ ಇದರಲ್ಲೂ ಇತ್ತು. ಈ ಬಾರಿ ಅಲ್ಟ್ರಾಸೌಂಡ್ ಮೂಲಕ ಗರ್ಭದ ವಯಸ್ಸನ್ನು ತಿಳಿದು, ನವಜಾತ ಶಿಶುಗಳ ಆರೈಕೆಗೆ ವ್ಯವಸ್ಥೆ ಇರುವ ಆಸ್ಪತ್ರೆಗಳಲ್ಲಿ, 26ರಿಂದ 33 ವಾರಗಳ ನಡುವಿನ 2852 ಗರ್ಭಿಣಿಯರನ್ನು ಮಾತ್ರ ಸೇರಿಸಿಕೊಳ್ಳಲಾಯಿತು. ಶಿಶು ಮರಣ 23.5%ರಿಂದ 19.6%ಕ್ಕೆ ಇಳಿಯಿತು, ತಾಯಂದಿರಲ್ಲಿ ಸೋಂಕು ಹೆಚ್ಚಲಿಲ್ಲ. ಪ್ರಯೋಜನವು ಸ್ಪಷ್ಟವಾದ್ದರಿಂದ ಮೇಲ್ವಿಚಾರಣಾ ಸಮಿತಿಯ ಸಲಹೆಯಂತೆ ಪ್ರಯೋಗವನ್ನು ನಿಗದಿತ ಅವಧಿಗೆ ಮೊದಲೇ ನಿಲ್ಲಿಸಲಾಯಿತು. 2020ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಒಂದೇ ಚುಚ್ಚುಮದ್ದು ಒಂದೆಡೆ ಹಾನಿ ಮಾಡಿ ಇನ್ನೊಂದೆಡೆ ಜೀವ ಉಳಿಸಿದ ಈ ಎರಡು ಅಧ್ಯಯನಗಳನ್ನು ಜೊತೆಯಾಗಿಯೇ ಓದಬೇಕು. ದೊಡ್ಡ ಆಸ್ಪತ್ರೆಯಲ್ಲಿ ಸಿದ್ಧವಾದ ಜ್ಞಾನವನ್ನು ಉಪಕೇಂದ್ರಕ್ಕೆ ಹಾಗೆಯೇ ಒಯ್ಯಲಾಗದು ಎಂಬುದು ಪ್ರಯೋಗ ಹಳ್ಳಿಯಲ್ಲೇ ನಡೆದುದರಿಂದ ತಿಳಿಯಿತು.

ಇತರ ಅಧ್ಯಯನಗಳು

2008ರ ಸುಮಾರಿಗೆ ಜಾಲವು ತಾಯಿ ಮತ್ತು ನವಜಾತ ಶಿಶು ಆರೋಗ್ಯ ದಾಖಲಾತಿಯನ್ನು ಆರಂಭಿಸಿತು. ನಿಗದಿತ ಪ್ರದೇಶದ ಪ್ರತಿಯೊಬ್ಬ ಗರ್ಭಿಣಿಯನ್ನೂ ನೋಂದಾಯಿಸಿ, ಹೆರಿಗೆಯ ನಂತರ ಆರು ವಾರಗಳವರೆಗೆ ತಾಯಿ ಮತ್ತು ಮಗುವಿನ ಸ್ಥಿತಿಯನ್ನು ದಾಖಲಿಸುವುದು ಇದರ ಕ್ರಮ. ಆಸ್ಪತ್ರೆಗೆ ಬಾರದೆ ಸತ್ತವರೂ ಲೆಕ್ಕಕ್ಕೆ ಸಿಗುವುದು ಇಂಥ ದಾಖಲಾತಿಯಲ್ಲಿ ಮಾತ್ರ.

ಹೆಚ್ಚು ಉಷ್ಣಾಂಶದಲ್ಲೂ ಕೆಡದ ಕಾರ್ಬೆಟೋಸಿನ್ ಔಷಧವನ್ನು ಆಕ್ಸಿಟೋಸಿನ್ ಜೊತೆ ಹೋಲಿಸಿದ, ಹತ್ತು ದೇಶಗಳ 29,645 ಮಹಿಳೆಯರು ಭಾಗವಹಿಸಿದ 2018ರ ಪ್ರಯೋಗದಲ್ಲಿ ಬೆಳಗಾವಿಯ ಸಂಶೋಧಕರಿದ್ದರು. ಮರುವರ್ಷ ಆ ಔಷಧವೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯನ್ನು ಸೇರಿತು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಚೊಚ್ಚಲ ಗರ್ಭಿಣಿಯರಿಗೆ ಮೊದಲ ತಿಂಗಳುಗಳಿಂದಲೇ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ ಅವಧಿಪೂರ್ವ ಜನನವು 13.1%ರಿಂದ 11.6%ಕ್ಕೆ ಇಳಿಯಿತು. ಹೆರಿಗೆ ನೋವಿನ ಸಮಯದಲ್ಲಿ ಒಂದೇ ಬಾರಿ ಅಜಿತ್ರೊಮೈಸಿನ್ ಕೊಡುವ 2023ರ ಪ್ರಯೋಗವು ತಾಯಂದಿರಲ್ಲಿ ನಂಜು ಅಥವಾ ಸಾವನ್ನು 2.4%ರಿಂದ 1.6%ಕ್ಕೆ ಇಳಿಸಿತು, ಶಿಶುಗಳಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೊತೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆದ ಕ್ಲಿಪ್ ಪ್ರಯೋಗದಲ್ಲಿ ಆಶಾ ಕಾರ್ಯಕರ್ತೆಯರು ಮೊಬೈಲ್ ಸಾಧನದ ನೆರವಿನಿಂದ ಗರ್ಭಿಣಿಯರ ರಕ್ತದೊತ್ತಡವನ್ನು ಪರೀಕ್ಷಿಸಿದರು. ಅದರಿಂದ ಸಾವುನೋವುಗಳ ಒಟ್ಟು ಪ್ರಮಾಣ ಕಡಿಮೆಯಾಗಲಿಲ್ಲ.

ಬಳ್ಳಾರಿ–ಹೊಸಪೇಟೆ ಪ್ರದೇಶ

ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿಯೂ, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿಯೂ ಸ್ಥಾಪನೆಯಾದವು. ಕನ್ನಡ ವಿಶ್ವವಿದ್ಯಾಲಯವು ಭಾಷೆ, ಸಾಹಿತ್ಯ ಮತ್ತು ಸಂಸ್ಕೃತಿಯ ಅಧ್ಯಯನಕ್ಕೆ ಮೀಸಲಾದುದು. ಈ ಭಾಗದ ಸರ್ಕಾರಿ ವೈದ್ಯಕೀಯ ಶಿಕ್ಷಣದ ಕೇಂದ್ರ ಬಳ್ಳಾರಿಯಲ್ಲಿದೆ. ಅಲ್ಲಿ 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಆರಂಭವಾಗಿ ಮುಂದೆ ವಿಮ್ಸ್ ಎಂದು ಜನಜನಿತವಾದ ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದೆ.

ತಾಯಿ ಮತ್ತು ಶಿಶು ಆರೋಗ್ಯದಲ್ಲಿ ಈ ಜಿಲ್ಲೆಯನ್ನು ಒಳಗೊಂಡ ದೊಡ್ಡ ಸಹಯೋಗ ಸುಕ್ಷೇಮ ಯೋಜನೆ. ಕರ್ನಾಟಕ ಆರೋಗ್ಯ ಸಂವರ್ಧನ ಟ್ರಸ್ಟ್ ಅನ್ನು 2003ರಲ್ಲಿ, ಮುಖ್ಯವಾಗಿ ಎಚ್‌ಐವಿ ತಡೆಗಾಗಿ, ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ಕರ್ನಾಟಕ ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಗಳು ಸೇರಿ ರಚಿಸಿದ್ದವು. ಅದೇ ಟ್ರಸ್ಟ್ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಬಾಗಲಕೋಟೆ, ಬಳ್ಳಾರಿ, ಬೀದರ್, ವಿಜಯಪುರ, ಕಲಬುರಗಿ, ಕೊಪ್ಪಳ, ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಸುಕ್ಷೇಮವನ್ನು ಕೈಗೊಂಡಿತು.

ಆ ವೇಳೆಗೆ ಸಮಸ್ಯೆಯ ಸ್ವರೂಪ ಬದಲಾಗಿತ್ತು. ಹಿಂದೆ ಮನೆಯಲ್ಲಿ ಹೆರುತ್ತಿದ್ದವರು ಈಗ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತಿದ್ದರು. ಅಲ್ಲಿ ಹಗಲಿರುಳೂ ಹೆರಿಗೆ ಮಾಡಿಸುವ ಹೊಣೆ ಶುಶ್ರೂಷಕಿಯರದು. ರಕ್ತಸ್ರಾವ, ಅಧಿಕ ರಕ್ತದೊತ್ತಡ, ಉಸಿರಾಡದ ಶಿಶು ಇವೆಲ್ಲವನ್ನೂ ಅವರೇ ಎದುರಿಸಬೇಕು. ತರಬೇತಿಗೆಂದು ಅವರನ್ನು ಒಮ್ಮೆ ಜಿಲ್ಲಾ ಕೇಂದ್ರಕ್ಕೆ ಕರೆಸಿ ಕಳುಹಿಸಿದರೆ ಸಾಕೇ, ಅಥವಾ ಅನುಭವಿ ಶುಶ್ರೂಷಕಿಯೊಬ್ಬರು ಅವರ ಕೇಂದ್ರಕ್ಕೇ ಹೋಗಿ ಜೊತೆಯಲ್ಲಿ ನಿಂತು ಕಲಿಸಬೇಕೇ ಎಂಬುದನ್ನು ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳಲ್ಲಿ ಪರೀಕ್ಷಿಸಲಾಯಿತು. ಹಗಲಿರುಳೂ ತೆರೆದಿರುವ 108 ಕೇಂದ್ರಗಳಿಗೂ ಆರಂಭಿಕ ತರಬೇತಿ ಮತ್ತು ವಿಶೇಷವಾಗಿ ರೂಪಿಸಿದ ಹೆರಿಗೆ ದಾಖಲೆ ಹಾಳೆಗಳು ದೊರೆತವು. ಅವುಗಳಲ್ಲಿ ಯಾದೃಚ್ಛಿಕವಾಗಿ ಆರಿಸಿದ 54 ಕೇಂದ್ರಗಳಿಗೆ ಮಾತ್ರ ಮಾರ್ಗದರ್ಶಕಿಯರು ಆರು ಬಾರಿ ಭೇಟಿ ನೀಡಿದರು. 2012ರ ಏಪ್ರಿಲ್ ಮತ್ತು 2013ರ ಆಗಸ್ಟ್‌ನ ಸಮೀಕ್ಷೆಗಳನ್ನು ಹೋಲಿಸಿದಾಗ, ಭೇಟಿ ಪಡೆದ ಕೇಂದ್ರಗಳ ಸಿದ್ಧತೆ ಮತ್ತು ಅಲ್ಲಿನ ಸಿಬ್ಬಂದಿಯ ತಿಳಿವಳಿಕೆ ಉಳಿದವುಗಳಿಗಿಂತ ಉತ್ತಮವಾಗಿತ್ತು. ಕಾರ್ಯಕ್ರಮವನ್ನು ಬಳಿಕ ಎಂಟೂ ಜಿಲ್ಲೆಗಳಿಗೆ ವಿಸ್ತರಿಸಲಾಯಿತು.

ಆಗ ಕಂಪ್ಲಿಯು ಹೊಸಪೇಟೆ ತಾಲ್ಲೂಕಿನಲ್ಲಿತ್ತು, ಹೊಸಪೇಟೆ ಬಳ್ಳಾರಿ ಜಿಲ್ಲೆಯಲ್ಲಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು, ಹಂಪಿಯೂ ಆ ಜಿಲ್ಲೆಗೆ ಸೇರಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹಳೆಯ ವರದಿಗಳಲ್ಲಿನ ಬಳ್ಳಾರಿಯ ಅಂಕಿಗಳನ್ನು ಇಂದಿನ ಜಿಲ್ಲೆಯ ಅಂಕಿಗಳೊಂದಿಗೆ ನೇರವಾಗಿ ಹೋಲಿಸುವಂತಿಲ್ಲ.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಸರಣಿ ಸಾವುಗಳು ರಾಜ್ಯವನ್ನು ಕಲಕಿದವು. ರಕ್ತನಾಳದ ಮೂಲಕ ನೀಡಲಾಗಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ಶಂಕೆ ಮೂಡಿ ತನಿಖೆ ನಡೆಯಿತು, ರಾಜ್ಯದಾದ್ಯಂತ ತಾಯಿ ಮರಣಗಳ ಪರಿಶೋಧನೆಗೆ ಸರ್ಕಾರ ಮುಂದಾಯಿತು. ಮೇಲಿನ ಸಂಶೋಧನೆಗಳು ಸಿಬ್ಬಂದಿಯ ಕೌಶಲ ಮತ್ತು ಔಷಧದ ಆಯ್ಕೆಯನ್ನು ಕುರಿತವು, ಸರಬರಾಜಾಗುವ ಔಷಧದ ಗುಣಮಟ್ಟ ಅವುಗಳ ವ್ಯಾಪ್ತಿಯಲ್ಲಿರಲಿಲ್ಲ.

ನೈತಿಕತೆ ಮತ್ತು ನಿಯಂತ್ರಣ

ವಿದೇಶಿ ಹಣದಿಂದ ಬಡ ಹಳ್ಳಿಗಳಲ್ಲಿ ನಡೆಯುವ ಪ್ರಯೋಗಗಳ ಬಗ್ಗೆ ಇರುವ ಮುಖ್ಯ ಆಕ್ಷೇಪ ಹೋಲಿಕೆಯ ಗುಂಪಿಗೆ ಸಂಬಂಧಿಸಿದ್ದು. ರಕ್ತಸ್ರಾವ ತಡೆಯುವ ಔಷಧ ಜಗತ್ತಿನಲ್ಲಿ ಇರುವಾಗ ಅರ್ಧದಷ್ಟು ಬಾಣಂತಿಯರಿಗೆ ಔಷಧಾಂಶವಿಲ್ಲದ ಮಾತ್ರೆ ಕೊಡುವುದು ಸರಿಯೇ? ಆ ಕಾಲದಲ್ಲಿ ಆ ಹಳ್ಳಿಗಳ ಹೆರಿಗೆಗಳಲ್ಲಿ ಯಾವ ಔಷಧವನ್ನೂ ಕೊಡುತ್ತಿರಲಿಲ್ಲ, ಆದ್ದರಿಂದ ಯಾರಿಗೂ ಇದ್ದ ಆರೈಕೆ ಕಡಿಮೆಯಾಗಲಿಲ್ಲ ಎಂಬುದು ಒಂದು ಸಮರ್ಥನೆ. ಆ ಕೊರತೆಯನ್ನೇ ಆಧಾರವಾಗಿ ಒಪ್ಪಿಕೊಳ್ಳಬಾರದು ಎಂಬುದು ಪ್ರತಿವಾದ. ಈ ಚರ್ಚೆ ಬೆಳಗಾವಿಗೆ ಸೀಮಿತವಾದುದಲ್ಲ, ಅಂತರರಾಷ್ಟ್ರೀಯ ಸಂಶೋಧನಾ ನೀತಿಶಾಸ್ತ್ರದಲ್ಲಿ ಇನ್ನೂ ಮುಗಿದಿಲ್ಲ.

ಭಾರತದಲ್ಲಿ ಇಂಥ ಪ್ರಯೋಗಗಳಿಗೆ ಸಂಸ್ಥೆಯ ನೀತಿ ಸಮಿತಿಯ ಒಪ್ಪಿಗೆ ಮತ್ತು ಭಾಗವಹಿಸುವವರ ತಿಳಿದು ನೀಡಿದ ಸಮ್ಮತಿ ಅಗತ್ಯ. ವೈದ್ಯಕೀಯ ಪ್ರಯೋಗಗಳ ರಾಷ್ಟ್ರೀಯ ನೋಂದಣಿ 2007ರಲ್ಲಿ ಆರಂಭವಾಗಿ 2009ರಲ್ಲಿ ಕಡ್ಡಾಯವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ನೈತಿಕ ಮಾರ್ಗಸೂಚಿಗಳು 2017ರಲ್ಲಿ ಪರಿಷ್ಕೃತವಾದವು, 2019ರಲ್ಲಿ ಹೊಸ ಔಷಧಗಳು ಮತ್ತು ವೈದ್ಯಕೀಯ ಪ್ರಯೋಗಗಳ ನಿಯಮಗಳು ಜಾರಿಗೆ ಬಂದವು. ವಿದೇಶಿ ವಿಶ್ವವಿದ್ಯಾಲಯ ಅಥವಾ ವಿದೇಶಿ ನೆರವು ಒಳಗೊಂಡ ಪ್ರಸ್ತಾವಗಳನ್ನು ಇದಲ್ಲದೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಮುಂದೆ ಮಂಡಿಸಬೇಕಾಗುತ್ತದೆ.